ಗೌಡರ ಪಾಳಿ

ಚುನಾವಣೆ ಬಂತು. ಒಬ್ಬ ಹುರಿಯಾಳು ಪುಕ್ಕಟೆ ಕರೆಂಟು ಅಂದ, ಇನ್ನೊಬ್ಬ ಡಾಂಬರು ರಸ್ತೆ ಅಂದ. ನಮ್ಮೂರ ಕ್ಷೌರಿಕ ಇಬ್ಬರನ್ನೂ ನಂಬಲಿಲ್ಲ. ಮೂರನೆಯ ಹುರಿಯಾಳು ಕಲ್ಲನಗೌಡರು ಭಾಷಣಕ್ಕೆ ಮುಂಚೆ ಗಡ್ಡ ಮಾಡಿಸಲು ಬಂದು ಪಾಳಿಯಲ್ಲಿ ಕೂತರು.

“ಅವರಿಬ್ರೂ ನಿನ್ನ ಮ್ಯಾಲ ಅಧಿಕಾರ ನಡಸೂ ಮಂದಿ. ನಾ ಗೆದ್ರ ತೆರಿಗಿಲ್ಲ, ಕಾನೂನಿಲ್ಲ, ಅವರವರ ಇಷ್ಟ ಅವರವರಿಗೆ. ಬಾಗಲಕ್ಕ ನನ್ನ ಬ್ಯಾನರ್ ಕಟ್ಟು, ಈಗಿಂದೀಗ!”

ಕಟ್ಟಿದರೆ ಉಳಿದಿಬ್ಬರ ಕಡೆಯವರು ಅಂಗಡಿಯ ಕನ್ನಡಿ ಒಡೆಯುವುದು ಖಾತ್ರಿ. ಕ್ಷೌರಿಕ ಹ್ಞೂಂ ಅಂದವನೇ, ಆಗಷ್ಟೇ ಒಳಬಂದ ಕುರಿಗಾಹಿಯನ್ನು ಕುರ್ಚಿಗೆ ಕರೆದ.

ಗೌಡರು ಎದ್ದು ಕೂಗಿದರು: “ಲೇ, ಪಾಳಿ ನಂದು! ಇಲ್ಲೊಂದು ಕಾನೂನಿಲ್ಲೇನಲೇ?”

“ಇತ್ರೀ ಯಪ್ಪಾ. ಈಗ ನೀವ ತಗದ್ರಿ. ಬ್ಯಾನರ್ ಕಟ್ಟಿದ ಅಂಗಡ್ಯಾಗ ಪಾಳಿ ಹೆಂಗ ಇಡ್ಲಿ? ಯಾವ್ದು ಬೇಕು ಹೇಳ್ರಿ.”

ಗೌಡರು ಗಡ್ಡ ಕೆರೆದುಕೊಂಡರು.

“ಪಾಳೀನ ಇರಲಿ ಬಿಡು.”