ಓತಿಕ್ಯಾತ ಹೂಂಗುಟ್ಟಿದ್ದು

ಬೆಟ್ಟಗಳ ಮೈ ಇನ್ನೂ ಹಸಿಯಾಗಿತ್ತು, ಯಾವ ಕಡೆ ಹರಿಯಬೇಕೆಂದು ಹೊಳೆಗಳಿಗೇ ಗೊತ್ತಿರಲಿಲ್ಲ, ಅಂಥ ಕಾಲ. ಆಗ ಓತಿಕ್ಯಾತ ತಲೆಯಾಡಿಸುತ್ತಿರಲಿಲ್ಲ. ಅವನ ಕತ್ತೂ ಕೆಂಪಗಿರಲಿಲ್ಲ. ತಲೆಯಿಂದ ಬಾಲದವರೆಗೆ ಮಣ್ಣಿನ ಬಣ್ಣವೇ.

ಅವನ ಹೆಸರು ಓತಪ್ಪ. ಒಳ್ಳೆಯವನೇ, ಪಾಪ. ಆದರೆ ಸಿಟ್ಟು? ಅಯ್ಯಯ್ಯೋ! ಎಲೆ ಉದುರಿ ಬೆನ್ನಿಗೆ ತಾಕಿದರೆ ಮರದ ಜೊತೆ ಜಗಳ. ಧೂಳು ಕಣ್ಣಿಗೆ ಬಿದ್ದರೆ ಗಾಳಿಯ ಜೊತೆ ಜಗಳ. "ನಾನೇನು ಬೇಕೂಂತ ಬೀಸ್ತೀನೇನೋ?" ಅಂತ ಗಾಳಿ ನಗುತ್ತಿತ್ತು. ಅದಕ್ಕೂ ಸಿಟ್ಟು!

ಅವನಿಗೊಬ್ಬ ಶತ್ರು, ಕೆಂಬೂತ. ಇಟ್ಟಿಗೆ ಬಣ್ಣದ ರೆಕ್ಕೆಯ ದೊಡ್ಡ ಹಕ್ಕಿ. ಓತಿಕ್ಯಾತನನ್ನು ಕಂಡರೆ ಅವನ ಬಾಯಲ್ಲಿ ನೀರೂರುತ್ತಿತ್ತು. ಓತಪ್ಪ ಕಳ್ಳಿ ಮುಳ್ಳಿನ ನಡುವೆ ಕೂತಿದ್ದರೆ ಕೊಕ್ಕು ಎಟುಕದು. ಅದಕ್ಕೇ ಕೆಳಗೆ ನಿಂತು ಬೈಯುವನು. ಓತಪ್ಪ ರೇಗಿ ದೊಪ್ಪನೆ ನೆಲಕ್ಕೆ ಹಾರುವನು. ಕೆಂಬೂತ ಗಬಕ್ಕನೆ ಬಾಯಿ ಹಾಕುವನು. ಎಷ್ಟೋ ಸಲ ಕೂದಲೆಳೆಯಲ್ಲಿ ಪಾರು. ಓತಿಕ್ಯಾತನಿಗೆ ಕೂದಲೆಲ್ಲಿ ಅನ್ನಬೇಡಿ, ಮಾತಿಗೆ ಹೇಳಿದೆ.

ಒಂದು ಬೆಳಿಗ್ಗೆ ಅವನ ಹೆಂಡತಿ ಓತವ್ವ ಮೆಲ್ಲಗೆ ಅಂದಳು: "ರೀ, ಮೊಟ್ಟೆ ಇಡೋ ಹೊತ್ತಾಯ್ತು. ಕಳ್ಳಿಯ ಹಿಂದೆ ಇಳಿದು ಮಣ್ಣಲ್ಲಿ ಹೂತಿಟ್ಟು ಬರ್ತೀನಿ. ಅಲ್ಲೀವರೆಗೆ ಕೆಂಬೂತ ನಿಮ್ಮನ್ನೇ ನೋಡ್ತಿರಬೇಕು. ನೀವು ಮಾತ್ರ ಹಾರಬಾರದು."

"ಅವನು ನಮ್ಮಪ್ಪನ್ನ ಬೈದರೆ?"

"ಸಂಜೆ ಅಜ್ಜಿ ಕಥೆ ಹೇಳುವಾಗ ಏನು ಮಾಡ್ತೀರಿ?"

"ಹೂಂ ಅಂತೀನಿ. ಹೂಂಗುಟ್ಟದಿದ್ದರೆ ಅಜ್ಜಿ ಕಥೆ ನಿಲ್ಲಿಸಿಬಿಡ್ತಾಳಲ್ಲ!"

"ಇದೂ ಒಂದು ಕಥೆ ಅಂದ್ಕೊಳ್ಳಿ. ನಿಮ್ಮದಲ್ಲ, ಅವನದು."

ಕೆಂಬೂತ ಬಂದೇ ಬಂದ. "ಏನೋ, ಒಣಗಿದ ಬೆಂಡೇಕಾಯಿ!"

ಓತಪ್ಪನ ಹೊಟ್ಟೆಯಲ್ಲಿ ಸಿಟ್ಟು ಕುದಿಯಿತು. ಕಾಲು ನೆಲದತ್ತ ಎಳೆಯಿತು. ತಲೆಯಾಡಿಸಿದ. "ಹೂಂ."

"ನಿಮ್ಮಪ್ಪ ಹೇಡಿ!"

ಸಿಟ್ಟು ಎದೆಗೇರಿತು. ತಲೆಯಾಡಿಸಿದ. "ಹೂಂ."

"ನಿನ್ನ ಮಕ್ಕಳು ನನ್ನ ಊಟ!"

ಸಿಟ್ಟು ಕತ್ತಿಗೆ ಬಂತು. ಕತ್ತು ಕೆಂಡದಂತೆ ಕೆಂಪಾಯಿತು. ಇನ್ನೇನು ಹಾರಬೇಕು, ಹಿಂದೆ ಓತವ್ವ ಮಣ್ಣು ಕೆರೆಯುವ ಸದ್ದು ಕೇಳಿಸಿತು. ಕಳ್ಳಿಯನ್ನು ಬಿಗಿಯಾಗಿ ಅವುಚಿಕೊಂಡು ತಲೆಯಾಡಿಸಿದ. "ಹೂಂ, ಆಮೇಲೆ?"

ಆಮೇಲೆ! ಕೆಂಬೂತ ಕಕ್ಕಾಬಿಕ್ಕಿ. ಬೈಗುಳಕ್ಕೆ ಯಾರಾದರೂ ಆಮೇಲೆ ಅನ್ನುತ್ತಾರೆಯೇ? ಹೊಸದು ಮುಗಿಯಿತು, ಹಳೆಯದನ್ನೇ ತಿರುಗಿಸಿ ಬೈದ. ಕಣ್ಣು ಕೆಂಪಾಯಿತು, ಗಂಟಲು ಕಟ್ಟಿತು. ಕೊನೆಗೆ ಉಳಿದದ್ದು ಇಷ್ಟೇ: "ಹೂಪ್... ಹೂಪ್..."

ಅಷ್ಟರಲ್ಲಿ ಓತವ್ವ ಮೊಟ್ಟೆಯ ಮೇಲೆ ಮಣ್ಣು ಮುಚ್ಚಿ, ಕಾಲು ಕೊಡವಿಕೊಂಡು ಮೇಲೆ ಬಂದಳು.

ಓತಪ್ಪನಿಗೆ ಎಂದೂ ಇಲ್ಲದ ಕನಿಕರ ಬಂತು. "ಗಂಟಲು ಒಣಗಿರಬೇಕು ಮಾರಾಯ. ಹಳ್ಳದಲ್ಲಿ ನೀರಿದೆ, ಹೋಗಿ ಕುಡಿ. ನಾನು ಮಾತ್ರ ಇಲ್ಲಿಂದ ಇಳಿಯೋದಿಲ್ಲ, ನೋಡು!"

ಆವತ್ತಿನ ಸಿಟ್ಟು ಬಾಯಿಗೂ ಬರಲಿಲ್ಲ, ಹೊಟ್ಟೆಗೂ ಇಳಿಯಲಿಲ್ಲ, ಕತ್ತಿನಲ್ಲೇ ನಿಂತುಬಿಟ್ಟಿತು. ಅದಕ್ಕೇ ಇವತ್ತಿಗೂ ಪೊದೆಯೊಳಗಿಂದ ಕೆಂಬೂತ ಹೂಪ್ ಹೂಪ್ ಅನ್ನುತ್ತಾನೆ, ಬೇಲಿಯ ಮೇಲೆ ಓತಿಕ್ಯಾತ ಕೆಂಪು ಕತ್ತೆತ್ತಿ ತಲೆಯಾಡಿಸುತ್ತಾನೆ. ಕಲ್ಲು ಎತ್ತಬೇಡಿ ಮಕ್ಕಳೇ, ಅವನು ಕಥೆ ಕೇಳುತ್ತಿದ್ದಾನೆ.