ಬಾವಿಗಿಳಿದ ಬಾಂಡ್ಲಿ

"ಗುರುಗಳೇ, ದೊಡ್ಡ ಕುರ್ಚಿ ಮೇಲೆ ಕೂತೋರು ತಮ್ಮ ಕೆಲಸ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಮಾಡ್ತಾರಲ್ಲ, ಅದ್ಯಾಕೆ?"

ಹೆಡ್‌ಮಾಸ್ಟ್ರು ಗವಿರಂಗಯ್ಯ ಈ ಮಾತು ಕೇಳಿದಾಗ ಗುರು ಚೌಡಪ್ಪನ ಹಿತ್ತಲಲ್ಲಿ ಕುಡುಗೋಲು ಹಿಡ್ಕೊಂಡು ಹುಲ್ಲು ಕೊಯ್ತಾ ಇದ್ದ. ಹೊತ್ತು ನೆತ್ತಿಗೆ ಬರ್ತಾ ಇತ್ತು. ಚೌಡಪ್ಪ ಹಿತ್ತಲ ಜಗಲಿ ಮೇಲೆ ಎಲೆಅಡಿಕೆ ಕುಟ್ಕೊಂಡು ಕೂತಿದ್ದ. ಬಾವಿ ತೋಡಿ ಬದುಕಿದೋನು, ಮುಪ್ಪಾದ ಮೇಲೆ ತತ್ವ ಹಾಡ್ಕೊಂಡು ಗುರು ಆದೋನು.

"ಯಾರಪ್ಪಾ ಆ ಪುಣ್ಯಾತ್ಮ?"

"ನಮ್ಮ ಮೇಲಿನ ಸಾಹೇಬ್ರು. ಶಾಲೆ ಅಡುಗೆ ಕೋಣೆ ಹೆಂಚು ಒಡೆದು ಹಲ್ಲಿ ಬೀಳ್ತವೆ. ಹೋದ ತಿಂಗಳು ಮಕ್ಕಳ ಸಾರಿಗೇ ಬಿದ್ದಿತ್ತು. ಬಡಿಸೋ ಮುಂಚೆ ಹೆಡ್‌ಮಾಸ್ಟ್ರು ರುಚಿ ನೋಡಬೇಕಲ್ಲ, ನಾನು ಸೌಟು ಹಾಕಿ ತಿರುವಿದಾಗ ಕಣ್ಣಿಗೆ ಬಿತ್ತು. ಇಲ್ಲಾಂದ್ರೆ ಅಷ್ಟೂ ಮಕ್ಕಳು ಉಣ್ಣೋರು. ಮೊನ್ನೆ ಸಾಹೇಬ್ರು ತಪಾಸಣೆಗೆ ಬಂದಾಗ ಎಲ್ಲಾ ಹೇಳಿದೆ. ಅವರು ಪೊರಕೆ ಇಸ್ಕೊಂಡು ಮಕ್ಕಳ ಜೊತೆ ಅಂಗಳ ಗುಡಿಸಿದ್ರು, ಫೋಟೋ ಹೊಡೆಸ್ಕೊಂಡ್ರು, ಹೋದ್ರು. ಆ ಸೂರಿನ ಕಡೆ ತಲೆ ಎತ್ತಿ ನೋಡಲಿಲ್ಲ."

ಬೇಲಿ ಆಚೆ ಹೋಗ್ತಿದ್ದ ಒಬ್ಬ ಹೆಂಗಸು ನಿಂತ್ಕೊಂಡು, "ಅಯ್ಯೋ ಶಿವನೇ, ಹೆಡ್‌ಮಾಸ್ಟ್ರಾಗಿ ಹುಲ್ಲು ಕೊಯ್ತಾರಲ್ಲಪ್ಪ, ಎಂಥಾ ಗುಣ!" ಅಂದ್ಲು. ಗವಿರಂಗಯ್ಯ ನಾಚ್ಕೊಂಡ. ಕುಡುಗೋಲು ಇನ್ನೊಂದಿಷ್ಟು ಜೋರಾಗಿ ಆಡ್ತು.

ಚೌಡಪ್ಪ ಅದನ್ನ ನೋಡಿದ. ಎಲೆರಸ ಉಗಿದ.

"ಕೇಳೋ. ಈ ಸೀಮೇಲಿ ನನ್ನಷ್ಟು ಬಾವಿ ತೋಡಿಸಿದ ಗಂಡಸು ಹುಟ್ಟಿಲ್ಲ. ನಾ ಕೂತು ತೋಡಿಸಿದ ಬಾವೀಲಿ ಒಂದು ಕುಸಿದಿದ್ದು ತೋರ್ಸು, ಈ ಮೀಸೆ ಬೋಳಿಸ್ಕೊತೀನಿ. ಅದಕ್ಕೇ ಬಾವಿ ಕತೇನೇ ಹೇಳ್ತೀನಿ. ಮಧ್ಯ ಬಾಯಿ ಹಾಕ್ಬೇಡ."

ಬಾವಿ ತೋಡೋರ ಗುಂಪಲ್ಲಿ ಒಬ್ಬ ಆಳಿದ್ದ. ಗುದ್ದಲಿ ಎತ್ತಿದ್ರೆ ಭೂಮಿ ದಾರಿ ಬಿಡಬೇಕು, ಅಂಥಾ ಕೈ. ಹಳೇ ಮೇಸ್ತ್ರಿ ಸತ್ತ ಮೇಲೆ ಎಲ್ಲಾ ಸೇರಿ ಇವನನ್ನೇ ಮೇಸ್ತ್ರಿ ಮಾಡಿದ್ರು.

ಬಾವಿ ಮೇಸ್ತ್ರಿಗೆ ಇರೋದು ಒಂದೇ ಕೆಲಸ. ಬಾವಿ ಬಾಯಲ್ಲಿ ಕೂತು ಗೋಡೆ ನೋಡೋದು. ಮಗ್ಗುಲಲ್ಲಿ ಮಣ್ಣು ಹೊರೋ ಒಂದು ಕಬ್ಬಿಣದ ಬಾಂಡ್ಲಿ ಬೋರಲು ಹಾಕಿರ್ತಾರೆ. ಮಣ್ಣು ಸಣ್ಣಗೆ ಉದುರಿತೋ, ಗೋಡೇಲಿ ಗೆರೆ ಬಿತ್ತೋ, ಕಲ್ಲು ತಗೊಂಡು ಬಾಂಡ್ಲಿ ಬಡೀಬೇಕು. ಸದ್ದು ಕೇಳಿದ್ರೆ ಒಳಗಿರೋರು ಕೈಲಿರೋದು ಬಿಸಾಕಿ ಏಣಿ ಹತ್ತಬೇಕು. ಮಣ್ಣು ಸೇದೋ ಹೆಂಗಸರು ಹಗ್ಗ ಹೆಗಲಿಗೆ ಹಾಕ್ಕೊಂಡು ಬಾವಿಗೆ ಬೆನ್ನು ಮಾಡಿ ನಡೀತಾರೆ, ಅವರಿಗೆ ಕಾಣಲ್ಲ. ಕೆಳಗಿರೋರು ತಲೆ ಎತ್ತಲ್ಲ. ಅಲ್ಲಿ ಕಣ್ಣು ಅಂತ ಇರೋದು ಮೇಸ್ತ್ರಿಗೆ ಮಾತ್ರ. ಅದಕ್ಕೇ ಮೇಸ್ತ್ರಿ ಆದೋನು ನೀರು ಬರೋ ತನಕ ಬಾವಿಗೆ ಕಾಲಿಡಲ್ಲ.

ಇವನೂ ಕೂತ. ಒಂದಿನ ಮಣ್ಣು ಉದುರಿದ ಹಾಗಾಯ್ತು, ಬಡಿದ. ಎಲ್ಲಾ ಏದುಸಿರು ಬಿಟ್ಕೊಂಡು ಮೇಲೆ ಬಂದ್ರು. ಗೋಡೆ ಬೀಳಲಿಲ್ಲ. ಇವನ ಒಡಹುಟ್ಟಿದ ತಮ್ಮನೇ ನಕ್ಕ. "ಅಣ್ಣಯ್ಯಂಗೆ ಕೂತು ಬೇಜಾರು ಕಣ್ರೋ, ನಮ್ಮನ್ನ ಕುಣಿಸ್ತಾನೆ."

ಹೊಲದ ಯಜಮಾನ ಅಲ್ಲೇ ಇದ್ದ. "ಏನಪ್ಪಾ ಮೇಸ್ತ್ರಿ, ಬಿಸಿಲು ಕಾಯೋಕೂ ಕೂಲೀನಾ?" ಅಂದ.

ಅದು ಎದೆಗೆ ನಾಟ್ತು. ನಿಜ ಹೇಳ್ಬೇಕು ಅಂದ್ರೆ ಅವನಿಗೂ ಕೂರೋಕಾಗ್ತಿರಲಿಲ್ಲ. ಗೋಡೆ ನೋಡಿ ನೋಡಿ ಇಲ್ಲದ ಗೆರೆನೂ ಕಂಡ ಹಾಗಾಗಿ ಭಯ ಆಗ್ತಿತ್ತು. ಬಡಿದ್ರೆ ನಗ್ತಾರೆ. ಬಡೀದೆ ಇದ್ರೆ ಏನಾಗುತ್ತೋ. ಗೋಡೆ ನಿಂತೇ ಇದ್ರೆ ಮೇಸ್ತ್ರಿ ಕಾದ ಅಂತ ಯಾರಂತಾರೆ? ಗುದ್ದಲಿ ಹಂಗಲ್ಲ. ತೋಡಿದ್ದು ಕಣ್ಣೆದುರಿಗೆ ಗುಡ್ಡೆ ಬೀಳುತ್ತೆ. ಭಯ ಬೆವರಲ್ಲಿ ಇಳಿದು ಹೋಗುತ್ತೆ.

ಮಾರನೇ ದಿನ ಕಚ್ಚೆ ಬಿಗಿದು ಇಳಿದೇ ಬಿಟ್ಟ. ಅವನೊಬ್ಬ ಇಳಿದಿದ್ದಕ್ಕೆ ಮಣ್ಣು ಎರಡರಷ್ಟು ಬಂತು. ತುಂಬೋಕೆ ಬಾಂಡ್ಲಿ ಸಾಲದೆ ಹೋಯ್ತು. "ಮೇಲೊಂದು ಸುಮ್ನೆ ಬಿದ್ದೈತಲ್ಲ, ಇಳಿಸ್ರೇ" ಅಂತ ಅವನೇ ಕೂಗಿದ. ಬೋರಲು ಬಿದ್ದಿದ್ದ ಬಾಂಡ್ಲಿ ಹಗ್ಗ ಕಟ್ಟಿಸ್ಕೊಂಡು ಬಾವಿಗಿಳೀತು.

ಹೊಲದ ಯಜಮಾನ ಬಗ್ಗಿ ನೋಡಿ, "ಮೇಸ್ತ್ರಿ ಅಂದ್ರೆ ಇವನಪ್ಪ! ಆಳಿನ ಜೊತೆ ಆಳಾಗಿ ದುಡೀತಾನೆ" ಅಂದ. ಮೇಸ್ತ್ರಿಗೆ ಆವತ್ತು ಮುದ್ದೆ ರುಚಿಸ್ತು. ಮಲಗಿದ್ದೇ ತಡ ನಿದ್ದೆ ಬಂತು.

ಆಮೇಲೊಂದು ಮಧ್ಯಾಹ್ನ. ಕೆಳಗೆ ಅಣ್ಣ ತಮ್ಮ ಇಬ್ಬರೇ ಇದ್ರು. ಮೇಲೆ ಮಣ್ಣು ಸೇದ್ತಿದ್ದ ತಮ್ಮನ ಹೆಂಡ್ತಿ ಬಾಂಡ್ಲಿ ಸುರಿದು ತಿರುಗಿದ್ಲು, ಗೋಡೇಲಿ ಗೆರೆ ಕಂಡ್ಲು. ಕೂಗಿದ್ಲು. ರಾಟೆ ಕಿರುಗುಟ್ತಾ ಇತ್ತು, ಕೆಳಗೆ ಎರಡು ಗುದ್ದಲಿ ಸದ್ದು, ಯಾರಿಗೂ ಕೇಳಲಿಲ್ಲ. ಕಲ್ಲು ಎತ್ಕೊಂಡು ಬಡಿಯೋಕೆ ಓಡಿದ್ಲು. ಬಾಂಡ್ಲಿ ಇದ್ದ ಜಾಗದಲ್ಲಿ ಹುಲ್ಲು ದುಂಡಗೆ ಬಿಳುಚ್ಕೊಂಡಿತ್ತು, ಅಷ್ಟೆ.

ಗೋಡೆ ತಮ್ಮನ ಮೇಲೆ ಬಿತ್ತು. ಮೇಸ್ತ್ರಿ ಸೊಂಟದ ತನಕ ಹೂತ. ಜನ ಬಂದು ಅವನನ್ನ ಎಳೆದು ಬಿಡಿಸಿದ್ರು. ಬಿಡಿಸಿದ ತಕ್ಷಣ ಗುದ್ದಲಿ ಕಿತ್ಕೊಂಡು ಅಗೆಯೋಕೆ ನಿಂತ. ಗುದ್ದಲಿ ಬಿಟ್ಟು ಕೈಲೇ ಬಗೆದ, ಉಗುರು ಕಿತ್ತು ಬಂತು. ಹೊತ್ತು ಮುಳುಗೋ ಹೊತ್ತಿಗೆ ತಮ್ಮ ಸಿಕ್ಕಿದ. ಬಾಯಿ ತುಂಬಾ ಮಣ್ಣು. ಪಕ್ಕದಲ್ಲೇ ಆ ಬಾಂಡ್ಲಿ ಸಿಕ್ತು. ಅದರ ತುಂಬಾನೂ ಮಣ್ಣು.

ಮೇಲೆ ನಿಂತ ಜನ ಆವಾಗ್ಲೂ, "ಏನು ಕೈ ಅಪ್ಪಾ ಇವಂದು, ನಾಲ್ಕಾಳಿನ ಕೆಲಸ ಒಬ್ಬನೇ ಮಾಡ್ದ" ಅಂದ್ರು. ತಮ್ಮನ ಹೆಂಡ್ತಿ ಅಳಲಿಲ್ಲ. "ಭಾವ, ನೀವು ಮೇಲೆ ಯಾಕಿರಲಿಲ್ಲ?" ಅಂತ ಕೇಳಿದ್ಲು. ಅವನು ಅಂಗೈ ರಕ್ತ ನೋಡ್ಕೊಂಡು ಕೂತ.

ಚೌಡಪ್ಪ ಅಲ್ಲಿಗೆ ನಿಲ್ಲಿಸಿದ.

ಗವಿರಂಗಯ್ಯ ಬೆವರು ಒರೆಸ್ಕೊಂಡ. "ನಮ್ಮ ಸಾಹೇಬ್ರು ಕೇಳಬೇಕಾದ ಕತೆ ಗುರುಗಳೇ, ಅಚ್ಚುಕಟ್ಟಾಗಿ ಅವರಿಗೇ ಒಪ್ಪುತ್ತೆ" ಅಂದು ಹುಲ್ಲಿನ ಇನ್ನೊಂದು ಹಿಡಿಗೆ ಬಗ್ಗಿದ.

ಹುಣಿಸೆ ತೋಪಿನ ಆಚೆಯಿಂದ ಶಾಲೆ ಗಂಟೆ ಕೇಳಿಸ್ತು. ಮಕ್ಕಳ ಊಟದ ಗಂಟೆ. ಚೌಡಪ್ಪ ಅದು ನಿಲ್ಲೋ ತನಕ ಕಾದ.

"ಇವತ್ತು ಸಾರಿಗೆ ಸೌಟು ಹಾಕಿ ನೋಡಿದೋರು ಯಾರೋ, ಗವಿರಂಗ?"