ತೆರೆದೇ ಬಿಟ್ಟ ಪಟ್ಟಿ

ಮಲಪ್ರಭೆಯ ದಂಡೆಯ ಒಂದು ಮಠದಲ್ಲಿ ವರ್ಷಕ್ಕೊಮ್ಮೆ ಕಣ್ಣಿನ ಶಿಬಿರ ನಡೆಯುತ್ತದೆ. ಯಾರಿಗೆ ಯಾವ ಕಣ್ಣಿನ ಆಪರೇಷನ್ ಎಂಬ ಪಟ್ಟಿ ಇರುವುದು ಕಂಪ್ಯೂಟರಿನಲ್ಲಿ. ಕಚೇರಿಯಲ್ಲೊಂದು, ದಾಸೋಹದ ಮನೆಯಲ್ಲೊಂದು, ಗುರುಗಳ ಕೋಣೆಯಲ್ಲೊಂದು ಕಂಪ್ಯೂಟರು. ಎಲ್ಲಿ ಕೂತು ತಿದ್ದಿದರೂ ಪಟ್ಟಿ ಮಾತ್ರ ಒಂದೇ.

ಅದನ್ನು ನೋಡಿಕೊಳ್ಳುವವನು ಶಿಷ್ಯ ಕರಿಬಸಯ್ಯ. ಕೆಲಸದಲ್ಲಿ ಬಲು ಚೊಕ್ಕ. ಆ ಚೊಕ್ಕತನದ ಜಂಬ ಮಾತ್ರ ಒಂದು ಹಿಡಿ ಹೆಚ್ಚು.

ಶಿಬಿರದ ದಿನ ನೇಕಾರರ ಗಂಗವ್ವನ ಬಲಗಣ್ಣಿನ ಮೇಲೆ ನರ್ಸಮ್ಮ ಪಟ್ಟಿ ನೋಡಿ ಗುರುತು ಹಾಕಿದಳು. ಗಂಗವ್ವ ಆಕೆಯ ಕೈ ಹಿಡಿದು, ಈ ಕಣ್ಣು ಚಲೋ ಕಾಣತೈತಿ ತಂಗಿ, ಕಾಣದ್ದು ಎಡಗಣ್ಣು ಎಂದಳು. ಪುಣ್ಯಕ್ಕೆ ಬಾಯಿ ಬಿಟ್ಟಳು. ಹೆದರಿಕೆಗೆ ಬಿಪಿ ಏರಿ ಅವಳ ಆಪರೇಷನ್ ಮರುದಿನಕ್ಕೆ ಹೋಯಿತು.

ಕರಿಬಸಯ್ಯನಿಗೆ ಮೈಯೆಲ್ಲ ಉರಿ. ಆ ತಪ್ಪನ್ನು ಅವನು ಬೆಳಿಗ್ಗೆಯೇ ಕಂಡು 'ಎಡ' ಎಂದು ತಿದ್ದಿಟ್ಟಿದ್ದ. ಗುರುಗಳ ಬಳಿ ಓಡಿದ. ನಾನು ಬರೆದದ್ದನ್ನು ಯಾರೋ ಅಳಿಸಿದ್ದಾರೆ, ಆ ಕೈ ಯಾರದ್ದೋ ಹುಡುಕಿ ಕೆಲಸ ಬಿಡಿಸಿ, ಇನ್ನು ಮೇಲೆ ಪಟ್ಟಿಗೆ ಬೀಗ ಹಾಕಿ ಕೀಲಿ ನನಗೊಬ್ಬನಿಗೇ ಕೊಡಿ ಎಂದು ಹಟ ಹಿಡಿದ.

ಗುರುಗಳು ಎದ್ದು ನಡೆದರು, ಕರಿಬಸಯ್ಯ ಹಿಂದೆಯೇ ಹೋದ. ಗುರುಗಳು ಹೋಗಿ ನಿಂತದ್ದು ಗಂಗವ್ವನ ಮಂಚದ ಮುಂದೆ.

"ಯವ್ವಾ, ಆ ಕೈ ನಂದು," ಎಂದರು. "ಪೂಜೆಗೆ ಮೊದಲು ಪಟ್ಟಿ ತೆರೆದು ಹಾಗೇ ಬಿಟ್ಟಿದ್ದೆ. ಪೂಜೆ ಮುಗಿಸಿ ಬಂದು ಎರಡು ಹೆಸರು ಸೇರಿಸಿ ಉಳಿಸಿದೆ. ನಡುವೆ ಈತ ತಿದ್ದಿದ್ದ. ನನ್ನ ಹಳೇದು ಇವನ ಹೊಸದರ ಮೇಲೆ ಕೂತುಬಿಡ್ತು. ಕ್ಷಮಾ ಮಾಡು."

ಇನ್ನೊಬ್ಬರೂ ಪಟ್ಟಿ ತೆರೆದಿದ್ದಾರೆ ಎಂದು ಕಂಪ್ಯೂಟರು ಇಬ್ಬರಿಗೂ ಒಂದು ಮಾತು ಹೇಳಿರಲಿಲ್ಲ ನೋಡಿ. ಅಷ್ಟು ದೊಡ್ಡ ಗುರು ಮುದುಕಿಯ ಮುಂದೆ ಹಾಗೆ ಕೈಮುಗಿದು ನಿಂತದ್ದನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಆ ಮಠದ ಹೊಳೆದಂಡೆಯಲ್ಲಿ ಒಬ್ಬರೇ ಕೂರುವಷ್ಟು ಸಣ್ಣ ಧ್ಯಾನದ ಗವಿ ಇದೆ. ಒಳಗೆ ಹೋಗುವವರು ಕಾಲಲ್ಲಿದ್ದದ್ದನ್ನು ಬಾಗಿಲಲ್ಲಿ ಬಿಡುತ್ತಾರೆ. ಬಾಗಿಲಲ್ಲಿ ಚಪ್ಪಲಿ ಕಂಡವರು ಕಾಯುತ್ತಾರೆ. ಇವತ್ತಿನವರೆಗೆ ಅಲ್ಲಿ ಜಗಳವಾದದ್ದಿಲ್ಲ.

ಪಟ್ಟಿಯೂ ಇನ್ನು ಗವಿಯೇ ಎಂದರು ಗುರುಗಳು. ಓದುವವರು ಎಷ್ಟು ಬೇಕಾದರೂ ಓದಲಿ. ತಿದ್ದುವವರು ಮಾತ್ರ ಮೊದಲು ಅಂಗಳದ ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟು ಆಮೇಲೆ ತೆರೆಯಬೇಕು, ಮುಚ್ಚಿದ ಮೇಲೆಯೇ ಮೆಟ್ಟಿಕೊಳ್ಳಬೇಕು. ಕಟ್ಟೆಯಲ್ಲಿ ಒಂದು ಜೊತೆ ಇದ್ದರೆ ಇನ್ನೊಬ್ಬರು ಕಾಯಬೇಕು.

ಮರುದಿನ ಕರಿಬಸಯ್ಯ ಚಪ್ಪಲಿ ಬಿಟ್ಟು ಪಟ್ಟಿ ತೆರೆದ. ನಡುವೆ ಊಟದ ಗಂಟೆ ಹೊಡೆಯಿತು. ಮುಚ್ಚುವುದನ್ನು ಮರೆತು, ಬರಿಗಾಲಲ್ಲೇ ಪಂಕ್ತಿಗೆ ಹೋಗಿ, ಎರಡೆರಡು ಸಲ ಹುಗ್ಗಿ ಬಡಿಸಿಕೊಂಡು ನಿಧಾನಕ್ಕೆ ಬಂದ.

ಉರಿಬಿಸಿಲಲ್ಲಿ ಕಟ್ಟೆಯ ಪಕ್ಕ ಗುರುಗಳು ನಿಂತಿದ್ದರು. ಒಂದು ಕೈಯಲ್ಲಿ ತಮ್ಮ ಮರದ ಹಾವುಗೆ, ಇನ್ನೊಂದರಲ್ಲಿ ಡಾಕ್ಟರ ಚೀಟಿ. ಗಂಗವ್ವನ ಬಿಪಿ ಇಳಿದಿದೆ, ಸಂಜೆಗೆ ಅವಳ ಹೆಸರು ಸೇರಿಸಿ ಎಂದು ಅದರಲ್ಲಿತ್ತು. ಪಂಕ್ತಿಯಲ್ಲಿ ಕೂತವರನ್ನು ಎಬ್ಬಿಸುವ ಪದ್ಧತಿ ಆ ಮಠದಲ್ಲಿಲ್ಲ. ಗುರುಗಳ ಊಟ ಇನ್ನೂ ಆಗಿರಲಿಲ್ಲ.

ಕರಿಬಸಯ್ಯ ಓಡಿಬಂದು ಕಾಲಿಗೆ ಬಿದ್ದ. "ಅಪ್ಪಾರ, ನನ್ನ ಚಪ್ಪಲಿ ಆಚೆ ಸರಿಸಿ ತಿದ್ದಬಹುದಿತ್ತಲ್ರಿ. ಮಠಾನ ನಿಮ್ದು."

"ಮಠ ನಂದು, ಖರೆ," ಅಂದರು ಗುರುಗಳು. "ಕಣ್ಣು ಗಂಗವ್ವಂದು."